ಆ ಚಮಚ ನನ್ನದು

ಕೋಟ
ಶುಕ್ರವಾರ ರಾತ್ರಿ

ಪ್ರೀತಿಯ ಪುಟ್ಟಿ,

ನೀನು ಒಳಗೆ ಮಲಗಿದ್ದೀ. ನಾನು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು, ಅಂಗನವಾಡಿಯ ಹಳೇ ರಿಜಿಸ್ಟರಿನಲ್ಲಿ ಉಳಿದ ಹಾಳೆಗಳ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬನ್ಸಿನ ಹಿಟ್ಟು ಕಲಸಿ ಮುಚ್ಚಿಟ್ಟಾಗಿದೆ. ಅಪ್ಪ ನಾಲ್ಕೂವರೆಗೆ ಅಲಾರಂ ಇಟ್ಟಿದ್ದಾರೆ, ಅದು ಹೊಡೆಯದಿದ್ದರೆ ಎಂದು ನನ್ನ ಫೋನಿನಲ್ಲೂ ಇಟ್ಟಿದ್ದಾರೆ. ಬಸ್ಸಿಗೆ ಬದಲಿ ಡ್ರೈವರನ್ನು ನೋಡಿಕೊಟ್ಟಿದ್ದಾರೆ. ಮದುವೆ, ಸಾವಿನ ಬೊಜ್ಜ ಬಿಟ್ಟರೆ ಅವರು ರಜೆ ಹಾಕಿದ್ದು ನನಗೆ ನೆನಪಿಲ್ಲ. ನಾಳೆ ಮಂಗಳಾ ಸ್ಟೇಡಿಯಮ್ಮಿನ ಗ್ಯಾಲರಿಯಲ್ಲಿ ಮೊದಲ ಹರ್ಡಲ್ ಕಾಣುವ ಜಾಗದಲ್ಲೇ ಕೂರಬೇಕಂತೆ.

"ನೀನೂ ಬತ್ಯಲ್ದಾ ಅಮ್ಮ?" ಎಂದು ಊಟ ಮಾಡುವಾಗ ಎರಡು ಸಲ ಕೇಳಿದೆ. ನಾನು ಪಾತ್ರೆ ತೊಳೆಯಲು ಎದ್ದುಬಿಟ್ಟೆ. ನನಗೆ ಬರಬೇಕೆಂದೇ ಇದೆ. ಆದರೆ ಮೊದಲು ಇದನ್ನು ಓದು. ಓದಿದ ಮೇಲೆ ನಾನು ಬರಬೇಕೋ ಬೇಡವೋ ನೀನೇ ಹೇಳು.

ಬಾಯಲ್ಲಿ ಹೇಳಲು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ನೋಡಿದೆ, ಆಗಲಿಲ್ಲ. ಮನೆಯಲ್ಲಿ ನಾವಾಡುವ ಕನ್ನಡ ಬೇರೆ, ಪೆನ್ನು ಹಿಡಿದರೆ ಶಾಲೆಯ ಕನ್ನಡ ಬರುತ್ತದೆ. ಈ ಮಾತಿಗೆ ಅದೇ ಒಳ್ಳೆಯದು ಅನಿಸಿತು. ಸ್ವಲ್ಪ ದೂರ ನಿಂತು ಹೇಳಿದ ಹಾಗಾಗುತ್ತದೆ.

ಚಮಚದ ಕತೆ ನಿನಗೆ ಗೊತ್ತು. ಅಫಿಡವಿಟ್ಟಿಗೆ ಸಹಿ ಹಾಕಿದವಳು ನಾನೇ. ಆದರೂ ಮೊದಲಿಂದ ಹೇಳುತ್ತೇನೆ, ವಕೀಲರು ಬರೆಸಿದ್ದರಲ್ಲಿ ಎಲ್ಲ ಇಲ್ಲ.

2024ರ ಜನವರಿ. ನೀನು ಕ್ಯಾಂಪಿನಿಂದ ನಾಲ್ಕು ದಿನಕ್ಕೆಂದು ಮನೆಗೆ ಬಂದಿದ್ದೆ. ಬಂದ ರಾತ್ರಿಯೇ ದೊಡ್ಡಪ್ಪನ ಮನೆಯ ಹರಕೆಯ ಯಕ್ಷಗಾನ ಆಟ. ಗದ್ದೆಯಲ್ಲಿ, ಇಬ್ಬನಿಯಲ್ಲಿ, ಬೆಳಗಿನ ತನಕ ಕೂತು ನೋಡಿದೆ. ಮರುದಿನ ಕೆಮ್ಮು. ಬೇರೆ ಸಮಯವಾಗಿದ್ದರೆ ನಾನು ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಕಷಾಯ ಕಾಸುತ್ತಿದ್ದೆ. ಆ ವಾರ ನನಗೆ ಮನೆಮನೆ ಸರ್ವೆ ಕೆಲಸ. ಸಂಜೆ ಬರುವಾಗ ಮೆಡಿಕಲ್ಲಿನಲ್ಲಿ "ಕೆಮ್ಮಿಗೆ ಒಳ್ಳೇದೊಂದು ಸಿರಪ್ ಕೊಡಿ" ಅಂದೆ. ಅವರು ಚೀಟಿ ಕೇಳಲಿಲ್ಲ, ನಾನು ಬಿಲ್ ಕೇಳಲಿಲ್ಲ. ಮನೆಗೆ ಬಂದು, ಮಣಿಪಾಲದಲ್ಲಿ ನರ್ಸ್ ಆಗಿರುವ ಅಣ್ಣನ ಮಗಳಿಗೆ ಬಾಟಲಿಯ ಫೋಟೋ ಕಳಿಸಿ, ಎಷ್ಟು ಕೊಡುವುದು ಎಂದು ಕೇಳಿದೆ. ಹತ್ತು ಎಂಎಲ್, ದಿನಕ್ಕೆ ಮೂರು ಸಲ ಎಂದಳು. ಎಷ್ಟೋ ಮಕ್ಕಳಿಗೆ ಮದ್ದು ಅಳೆದು ಕುಡಿಸಿದ ಕೈ ಇದು. ಒಂದು ತೊಟ್ಟು ಹೆಚ್ಚಾಗದ ಹಾಗೆ ಅಳೆದೆ. ಸಿಹಿ ಉಂಟೆಂದು ನೀನು ಚಮಚ ನೆಕ್ಕಿ ಕೊಟ್ಟೆ. ಹೊರಡುವ ದಿನ ಬೆಳಿಗ್ಗೆಯೂ ಬಸ್ಸಿನ ಹಾರ್ನ್ ಕೇಳಿದ ಮೇಲೆ ಓಡಿಬಂದು ಬಾಯಿಗೆ ಹಾಕಿದೆ.

ಎರಡು ದಿನ ಬಿಟ್ಟು ಕೂಟ. ನಾನೂರು ಮೀಟರ್ ಹರ್ಡಲ್ಸಿನಲ್ಲಿ ಎರಡನೆಯವಳಾಗಿ ಬಂದೆ. ಆ ರಾತ್ರಿ ಫೋನಿನಲ್ಲಿ ಮೆಡಲಿಗಿಂತ ಹೆಚ್ಚಾಗಿ ನೀನು ಹೇಳಿದ್ದು ಡೋಪ್ ಟೆಸ್ಟಿನ ವಿಷಯ. ಒಬ್ಬ ಹೆಂಗಸು ಬಚ್ಚಲಿನೊಳಗೇ ಬಂದು ನೋಡುತ್ತಾ ನಿಂತಳು, ಎರಡು ಬಾಟಲಿ ನೀರು ಕುಡಿದರೂ ಎರಡು ತಾಸು ಮೂತ್ರವೇ ಬರಲಿಲ್ಲ, 90 ಎಂಎಲ್ ಆಗಲೇಬೇಕಂತೆ, ಅದನ್ನು ನಿನ್ನ ಕೈಯಲ್ಲೇ ಎ ಬಾಟಲಿ, ಬಿ ಬಾಟಲಿ ಎಂದು ಎರಡಕ್ಕೆ ಸುರಿಸಿ ಸೀಲ್ ಮಾಡಿಸಿದರು. ಹಿಂದಿನ ಏಳು ದಿನದಲ್ಲಿ ತಿಂದ ಮದ್ದು ಬರೆಯಿರಿ ಎಂದು ಒಂದು ಫಾರಂ ಕೊಟ್ಟರು. ನೀನು ವಿಟಮಿನ್ ಸಿ ಎಂದು ಬರೆದೆ. ಕೆಮ್ಮಿನ ಸಿರಪ್ಪು ನೆನಪಾಗಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ಯಾರೂ ಮದ್ದು ಎಂದು ಲೆಕ್ಕಕ್ಕೆ ಹಿಡಿದದ್ದೇ ಇಲ್ಲವಲ್ಲ.

ಮಾರ್ಚಿನಲ್ಲಿ ಇಮೇಲ್ ಬಂತು. ನಿನ್ನ ಸ್ಯಾಂಪಲ್ಲಿನಲ್ಲಿ ನಿಷೇಧದ ಮದ್ದು ಸಿಕ್ಕಿದೆ, ಟರ್ಬುಟಲೀನ್ ಎಂಬ ಒಂದು ಹೆಸರು. ಅಪ್ಪನಿಗೆ ಅದನ್ನು ಉಚ್ಚರಿಸಲೂ ಬರಲಿಲ್ಲ. ನೀನು ಕ್ಯಾಂಪಿನಿಂದ ರಾತ್ರಿ ಬಸ್ಸಿಗೆ ಬಂದು, ಬ್ಯಾಗನ್ನು ಜಗಲಿಯಲ್ಲಿ ಎಸೆದು, ಊಟವೂ ಮಾಡದೆ ಗೋಡೆ ಕಡೆ ತಿರುಗಿ ಮಲಗಿದೆ. "ಎಂತದಾ ಅದ್, ನಂಗೆ ಗೊತ್ತಿಲ್ಲೆ ಅಮ್ಮ" ಎಂದು ಒಂದೇ ಸಲ ಹೇಳಿದೆ.

ಈಗ ನಿನಗೆ ಗೊತ್ತಿಲ್ಲದ್ದು.

ಆ ರಾತ್ರಿ ಎರಡು ಗಂಟೆಗೆ ನಾನು ಎದ್ದೆ. ದೇವರ ಕೋಣೆಯ ದೀಪ ಸಾಲಲಿಲ್ಲ, ಮೊಬೈಲಿನ ಟಾರ್ಚ್ ಹಾಕಿಕೊಂಡು ಜಗಲಿಗೆ ಹೋಗಿ ನಿನ್ನ ಬ್ಯಾಗಿನ ಜಿಪ್ ಎಳೆದೆ. ಶಬ್ದ ಆಗಬಾರದೆಂದು ಒಂದೊಂದೇ ಹಲ್ಲು ಬಿಡಿಸಿದ ಹಾಗೆ ಎಳೆದೆ. ಸ್ಪೈಕ್ಸ್ ಎರಡು ಜೊತೆ, ಮಂಡಿಗೆ ಕಟ್ಟುವ ಬ್ಯಾಂಡು, ಬೆವರಿನ ಬನಿಯನ್ನುಗಳು, ಕಡಲೆ ಚಿಕ್ಕಿಯ ಒಡೆದ ಪೊಟ್ಟಣ, ಪ್ರೋಟೀನ್ ಪುಡಿಯ ಡಬ್ಬಿ. ಡಬ್ಬಿಯ ಮುಚ್ಚಳ ತೆಗೆದು ಮೂಸಿದೆ. ಸಾಕ್ಸಿನೊಳಗೆ ಕೈ ಹಾಕಿ ನೋಡಿದೆ. ಟೂತ್‌ಪೇಸ್ಟನ್ನು ಒತ್ತಿ ನೋಡಿದೆ. ಒಂದು ಸಣ್ಣ ಪರ್ಸಿನಲ್ಲಿ ಅಮೃತೇಶ್ವರಿ ದೇವಸ್ಥಾನದ ಒಣಗಿದ ಪ್ರಸಾದದ ಹೂವಿತ್ತು. ನಾನೇ ಕಟ್ಟಿಕೊಟ್ಟದ್ದು. ಅದನ್ನೂ ಬಿಚ್ಚಿ ನೋಡಿದೆ ಪುಟ್ಟಿ.

ಏನೂ ಸಿಗಲಿಲ್ಲ. ಸಿಗಲಿಲ್ಲ ಎಂದು ನನಗೆ ಸಮಾಧಾನವಾಗಲಿಲ್ಲ, ಎಲ್ಲಿ ಅಡಗಿಸಿಟ್ಟಿರಬಹುದು ಎಂದು ಯೋಚಿಸಿದೆ. ಇದನ್ನು ಬರೆಯುವಾಗಲೂ ಕೈ ನಡುಗುತ್ತಿದೆ. ಆಮೇಲೆ ಹನ್ನೊಂದು ದಿನ ನಿನ್ನ ಮುಖ ನೋಡಿದಾಗಲೆಲ್ಲ ಆ ಯೋಚನೆ ಇತ್ತು. ನೀನು ಸ್ನಾನಕ್ಕೆ ಹೋದರೆ ಹೊರಗೆ ಕಿವಿ ಕೊಟ್ಟು ನಿಲ್ಲುತ್ತಿದ್ದೆ. ಅಪ್ಪ ಮಾತ್ರ ಮೊದಲ ದಿನವೇ "ನಮ್ ಹೆಣ್ ಹಂಗ್ ಮಾಡುದಿಲ್ಲೆ" ಎಂದು ಹೇಳಿ, ಅದೇ ಮಾತು ಹಿಡಿದು ನಿಂತರು. ಬಸ್ಸಿನಲ್ಲಿ ಯಾರೋ ಕೆದಕಿದಾಗ, ಸೀಟಿನಿಂದ ಎದ್ದುಹೋಗಿ ಅದನ್ನೇ ಹೇಳಿದರಂತೆ. ನಾನು ತಾಯಿ, ನಾನು ಹೇಳಲಿಲ್ಲ.

ಹನ್ನೆರಡನೇ ದಿನ ಉಡುಪಿಯ ವಕೀಲರ ಆಫೀಸಿನಲ್ಲಿ ಅವರು ಇಂಟರ್‌ನೆಟ್ಟಿನಲ್ಲಿ ಏನೋ ಹುಡುಕಿ, ಕನ್ನಡಕ ತೆಗೆದು, "ಜನವರಿಯಲ್ಲಿ ಕೆಮ್ಮು ಇತ್ತಾ? ಸಿರಪ್ ಕುಡಿದಿದ್ಯಾ?" ಎಂದು ಕೇಳಿದರು. ನೀನು ನನ್ನ ಕಡೆ ನೋಡಿದೆ. ನಿನ್ನ ಕಣ್ಣಿನಲ್ಲಿ ಆಪಾದನೆ ಇರಲಿಲ್ಲ, ಸಿಕ್ಕಿತು ಎಂಬ ಖುಷಿ ಇತ್ತು. ನನ್ನ ಕಾಲು ಕುಸಿಯಿತು. ಅವತ್ತು ಕುರ್ಚಿ ಹಿಡಿದುಕೊಂಡದ್ದನ್ನು ನೋಡಿ ನೀನು "ಅಮ್ಮನಿಗೆ ಬಿಪಿ" ಎಂದು ನೀರು ತರಿಸಿದೆ. ಬಿಪಿ ಅಲ್ಲ. ಹನ್ನೊಂದು ದಿನ ನಾನು ಮಗಳ ಬ್ಯಾಗಿನಲ್ಲಿ, ಸಾಕ್ಸಿನಲ್ಲಿ, ಮುಖದಲ್ಲಿ ಹುಡುಕಿದ್ದು ನನ್ನ ಅಡುಗೆಮನೆಯಲ್ಲಿತ್ತು.

ಆ ಮದ್ದಿನ ಬಗ್ಗೆ ಈಗ ನನಗೆ ನಿನಗಿಂತ ಹೆಚ್ಚು ಗೊತ್ತಿರಬಹುದು, ಅಷ್ಟು ಓದಿದ್ದೇನೆ. ಅದು ಶ್ವಾಸನಾಳ ಸಡಿಲ ಮಾಡುವ ಮದ್ದು, ಉಬ್ಬಸದವರಿಗೆ ಕೊಡುವಂಥದ್ದು. ನಮ್ಮ ದೇಶದಲ್ಲಿ ಎಷ್ಟೋ ಕೆಮ್ಮಿನ ಸಿರಪ್ಪಿನಲ್ಲಿ ಬ್ರೋಮ್‌ಹೆಕ್ಸಿನ್, ಗ್ವಾಯ್‌ಫೆನೆಸಿನ್ ಜೊತೆಗೆ ಇದನ್ನೂ ಸೇರಿಸುತ್ತಾರೆ. ಆಟಗಾರರಿಗೆ ಕೂಟದ ದಿನ ಮಾತ್ರವಲ್ಲ, ವರ್ಷದ ಎಲ್ಲ ದಿನವೂ ನಿಷೇಧ. ಉಬ್ಬಸದವರು ಬಾಯಲ್ಲಿ ಎಳೆದುಕೊಳ್ಳುವ ಸಾಲ್ಬುಟಮಾಲ್ ಪಂಪಿಗಾದರೆ ದಿನಕ್ಕೆ 1600 ಮೈಕ್ರೋಗ್ರಾಂ ತನಕ ವಿನಾಯಿತಿ ಉಂಟು, ಇದಕ್ಕೆ ಅಂಥ ಮಿತಿಯೂ ಇಲ್ಲ, ಬೇಕೇ ಬೇಕಾದರೆ ಮೊದಲೇ ಅರ್ಜಿ ಹಾಕಿ ಅನುಮತಿ ಪಡೆಯಬೇಕು. 2019ರಲ್ಲಿ ಕ್ರಿಕೆಟಿನ ಪೃಥ್ವಿ ಶಾ ಸಿಕ್ಕಿಬಿದ್ದದ್ದು ಇದೇ ಟರ್ಬುಟಲೀನಿಗೆ, ಇದೇ ಕೆಮ್ಮಿನ ಸಿರಪ್ಪಿನ ವಿವರಣೆಗೆ. ಅವರಿಗೆ ಕ್ರಿಕೆಟ್ ಮಂಡಳಿ ಎಂಟು ತಿಂಗಳ ನಿಷೇಧ ಕೊಟ್ಟಿತ್ತು. ಪೇಪರಿನಲ್ಲಿ ಬಂದ ಸುದ್ದಿ. ನಾನು ಓದಿದ್ದೆನೋ ಇಲ್ಲವೋ, ಓದಿದ್ದರೂ ನಮಗೇನು ಎಂದು ಪುಟ ಮಗುಚಿರುತ್ತೇನೆ.

ಮನೆಗೆ ಬಂದವಳೇ ಬಾಟಲಿ ಹುಡುಕಿದೆ. ಎಲ್ಲಿತ್ತು ಗೊತ್ತಲ್ಲ, ಬಚ್ಚಲಿನ ಮಾಡದಲ್ಲಿ. ಖಾಲಿಯಾದ ಕೂಡಲೇ ಲೇಬಲ್ ನೆನೆಸಿ, ಬೂದಿ ಹಾಕಿ ತಿಕ್ಕಿ ತೊಳೆದು, ಅದರಲ್ಲಿ ತಲೆಗೆ ಹಾಕುವ ತೆಂಗಿನೆಣ್ಣೆ ತುಂಬಿಸಿಟ್ಟಿದ್ದೆ. ಕಂದು ಬಣ್ಣದ ಬಾಟಲಿ, ಬುಡದಲ್ಲಿ ಅಂಟಿನ ಒಂದು ಗೆರೆ ಮಾತ್ರ ಉಳಿದಿತ್ತು. ಹೆಸರಿಲ್ಲ, ಬ್ಯಾಚ್ ನಂಬರಿಲ್ಲ. ನೀನು ಎಣ್ಣೆ ಜಾರುವ ಆ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ದು ನನ್ನ ಕಣ್ಣಿನಿಂದ ಹೋಗುವುದಿಲ್ಲ.

ಆ ಮೆಡಿಕಲ್ಲಿನವರು "ನಮ್ಮಲ್ಲಿ ತಗೊಂಡದ್ದಲ್ಲ" ಅಂದರು. ಚೀಟಿ ಇಲ್ಲದೆ ಕೊಟ್ಟದ್ದು ಹೊರಬಂದರೆ ಲೈಸನ್ಸಿಗೆ ಸಂಚಕಾರ. ಅವರಿಗೂ ಮಕ್ಕಳಿದ್ದಾರೆ. ಅದನ್ನು ಅಲ್ಲಿಗೇ ಬಿಟ್ಟೆ. ಫೋಟೋ ಕಳಿಸಿದ್ದ ನನ್ನ ಫೋನು ಮಳೆಗಾಲಕ್ಕೆ ಮೊದಲೇ ಬಾವಿಕಟ್ಟೆಯಿಂದ ಕೆಳಗೆ ಬಿದ್ದಿತ್ತು. ಫೋಟೋ ಕಳಿಸಿದ್ದೇ ನನಗೆ ಮರೆತುಹೋಗಿತ್ತು.

ಲ್ಯಾಬು ಸುಳ್ಳು ಹೇಳಲಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಬಿ ಬಾಟಲಿಯನ್ನೂ ಒಡೆಸಿದೆವು, ಅದೂ ಅದನ್ನೇ ಹೇಳಿತು. ಜಗಳ ಇದ್ದದ್ದು ಅದು ನಿನ್ನ ಮೈಗೆ ಹೇಗೆ ಬಂತು, ಯಾಕೆ ಬಂತು ಎಂಬುದರ ಮೇಲೆ. ಡೋಪಿಂಗಿನ ಕಾಯಿದೆಯಲ್ಲಿ, ಮೈಯೊಳಗೆ ಸಿಕ್ಕಿದ್ದಕ್ಕೆಲ್ಲ ಆಟಗಾರನೇ ಹೊಣೆ. ಬೇಕೆಂದು ತಿಂದದ್ದೋ, ತಿಳಿಯದೆ ತಿಂದದ್ದೋ ಎಂಬ ಪ್ರಶ್ನೆ ಬರುವುದು ಶಿಕ್ಷೆ ಎಷ್ಟು ಎಂದು ನೋಡುವಾಗ. ಶಿಕ್ಷೆ ಇಳಿಯಬೇಕಾದರೆ ಎಲ್ಲಿಂದ ಬಂತೆಂದು ನಾವೇ ತೋರಿಸಿಕೊಡಬೇಕು. ಮೊದಲು ಕೇಳಿದಾಗ ಇದೆಂಥ ನ್ಯಾಯ ಎಂದು ಹೊಟ್ಟೆ ಉರಿದಿತ್ತು. ಆಮೇಲೆ ಪಕ್ಕದ ಲೇನಿನ ಹುಡುಗಿಯನ್ನು ನೆನೆದುಕೊಂಡೆ. ಅವಳ ಅಮ್ಮನೂ ಎಲ್ಲೋ ಕೂತಿರುತ್ತಾಳೆ. ಅಮ್ಮ ಕೊಟ್ಟ ಸಿರಪ್ಪು ಎಂದು ಬಾಯಿಮಾತಿನಲ್ಲಿ ಹೇಳಿದವರನ್ನೆಲ್ಲ ಬಿಟ್ಟರೆ ಅವಳ ಮಗಳಿಗೆ ಏನು ಉಳಿಯಿತು? ಕಾಯಿದೆ ಬೇಕು. ಆದರೆ ಹಳ್ಳಿಯ ಮಕ್ಕಳನ್ನು ಓಡಿಸುವವರು ಅವರ ಮನೆಯವರಿಗೆ ಒಂದು ಹಾಳೆಯಲ್ಲಾದರೂ, ಕನ್ನಡದಲ್ಲಿ, ಇಂಥಿಂಥ ಕೆಮ್ಮಿನ ಮದ್ದು ಕೊಡಬೇಡಿ ಎಂದು ಬರೆದು ಕೊಡಬೇಕಿತ್ತು. ಆರು ವರ್ಷ ನೀನು ಓಡಿದೆ. ನನ್ನ ಕೈಗೆ ಅಂಥ ಹಾಳೆ ಒಂದೂ ಬರಲಿಲ್ಲ. ಈ ಸಿಟ್ಟು ನನಗೆ ಇವತ್ತಿಗೂ ಇದೆ.

ಇನ್ನೊಂದು ವಿಷಯವೂ ಹೇಳಬೇಕು, ಅದು ನಿನ್ನ ಕೇಸಿಗಿಂತ ಹಳೆಯ ಪಾಪ. 2010ರ ನವೆಂಬರ್ ನಿನಗೆ ಸ್ವಲ್ಪ ನೆನಪಿರಬಹುದು, ಏಳು ವರ್ಷ ನಿನಗೆ. ಗುವಾಂಗ್‌ಝೌ ಏಷ್ಯಾಡಿನಲ್ಲಿ ನಮ್ಮ ಕುಂದಾಪುರ ತಾಲೂಕಿನ ಅಶ್ವಿನಿ ಅಕ್ಕುಂಜಿ ನಾನೂರು ಮೀಟರ್ ಹರ್ಡಲ್ಸಿನಲ್ಲೂ ರಿಲೇಯಲ್ಲೂ ಚಿನ್ನ ಗೆದ್ದರು. ಅದಕ್ಕೆ ಮೊದಲೇ ದೆಹಲಿ ಕಾಮನ್‌ವೆಲ್ತಿನಲ್ಲಿ ರಿಲೇ ಚಿನ್ನ ಬಂದಿತ್ತು. ಟಿವಿಯಲ್ಲಿ ಅದನ್ನು ಮತ್ತೆ ಮತ್ತೆ ತೋರಿಸುವಾಗ ನೀನು ಜಗಲಿಯಲ್ಲಿ ಎರಡು ಮಣೆ ನಿಲ್ಲಿಸಿ ಹಾರಿ ಮೊಣಕಾಲು ಒಡೆದುಕೊಂಡೆ. ನಿನ್ನ ಹರ್ಡಲ್ಸ್ ಶುರುವಾದದ್ದೇ ಅಲ್ಲಿಂದ. ಮರುವರ್ಷ ಅವರ ಮೇಲೆ ಡೋಪಿಂಗ್ ಆಪಾದನೆ ಬಂತು. ವಿದೇಶಿ ಕೋಚ್ ಕೊಟ್ಟ ಜಿನ್‌ಸೆಂಗ್ ಎಂಬ ಗಿಡಮೂಲಿಕೆಯಿಂದ ಆದದ್ದು, ನಮಗೆ ಗೊತ್ತಿರಲಿಲ್ಲ ಎಂದು ಅವರೂ ಜೊತೆಯ ಹುಡುಗಿಯರೂ ಹೇಳಿದರು. 2011ರ ಕೊನೆಗೆ ಒಂದು ವರ್ಷದ ನಿಷೇಧ ಆಯಿತು. ಅದು ಕಡಿಮೆಯಾಯಿತೆಂದು ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಅಪೀಲು ಹೋಗಿ, 2012ರಲ್ಲಿ ಕ್ರೀಡಾ ನ್ಯಾಯಮಂಡಳಿ ಎರಡು ವರ್ಷ ಮಾಡಿತು. ಲಂಡನ್ ಒಲಿಂಪಿಕ್ಸ್ ಹೋಯಿತು.

ಆಗ ಹಾಲಿನ ಡೈರಿಯ ಎದುರು ನಾಲ್ಕು ಹೆಂಗಸರು ಅದನ್ನೇ ಮಾತಾಡುತ್ತಿದ್ದೆವು. "ಬೆಂಕಿ ಇಲ್ಲದೆ ಹೊಗೆ ಬತ್ತಾ?" ಎಂದದ್ದು ನಾನು. ಹೇಳಿ ಹಾಲಿನ ಕ್ಯಾನು ಎತ್ತಿಕೊಂಡು ಮನೆಗೆ ಬಂದೆ, ಮರೆತೆ. ಹದಿಮೂರು ವರ್ಷದ ಮೇಲೆ ಅದೇ ಡೈರಿಯ ಎದುರು ನಾನು ಹೋದ ಕೂಡಲೇ ಮಾತು ನಿಂತಿತು. ಯಾರು ಏನು ಹೇಳಿರಬಹುದು ಎಂದು ನಾನು ಯೋಚಿಸಬೇಕಾಗಿಯೇ ಬರಲಿಲ್ಲ.

ನಿನ್ನ ಮೊದಲ ವಿಚಾರಣೆ ವಿಡಿಯೋದಲ್ಲಿ. ಆಗಸ್ಟಿನ ಮಳೆ, ಕರೆಂಟು ಹೋಗುತ್ತದೆಂದು ಪಕ್ಕದ ಮನೆಯ ಇನ್ವರ್ಟರಿಗೆ ವಯರು ಎಳೆದಿದ್ದೆವು. ನೀನು ಯೂನಿಫಾರಂ ಇಸ್ತ್ರಿ ಮಾಡಿ ಹಾಕಿ ಕೂತಿದ್ದೆ. ಫಾರಂನಲ್ಲಿ ಸಿರಪ್ ಯಾಕೆ ಬರೆದಿಲ್ಲ ಎಂದು ಅವರು ಮೂರು ರೀತಿಯಲ್ಲಿ ಕೇಳಿದರು, ನೀನು ಮೂರು ಸಲವೂ "ನೆನಪಾಗಲಿಲ್ಲ ಸರ್" ಎಂದೆ. ನಿಜ ಅಷ್ಟೇ ಇತ್ತು. ನವೆಂಬರಿನಲ್ಲಿ ತೀರ್ಪು: ಬೇಕೆಂದು ಮಾಡಿದ್ದಕ್ಕೆ ಸಾಕ್ಷಿ ಇಲ್ಲ, ಆದರೆ ಸಿರಪ್ಪಿನಿಂದಲೇ ಬಂತೆಂದೂ ಸಿದ್ಧವಾಗಿಲ್ಲ, ಎರಡು ವರ್ಷ. ಕೂಟದ ಫಲಿತಾಂಶ ರದ್ದು. ಮೆಡಲನ್ನು ಅಪ್ಪ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ಸಿಹಿತಿಂಡಿಯ ಪೆಟ್ಟಿಗೆಯಲ್ಲಿಟ್ಟು ಅಂಚೆಗೆ ಹಾಕಿ ಬಂದರು. ಬಂದು ಆ ದಿನ ಕೊಟ್ಟಿಗೆ ತೊಳೆದರು, ತೊಳೆದದ್ದನ್ನೇ ಮತ್ತೆ ತೊಳೆದರು.

ನಾನು ನೋಡಿದ್ದನ್ನು ಈಗ ನಿನಗೆ ಹೇಳಬೇಕು, ನೀನು ನಿನ್ನನ್ನು ಹೊರಗಿನಿಂದ ನೋಡಿಲ್ಲವಲ್ಲ.

ತಂಡದ ಜೊತೆ, ಕೋಚ್ ಜೊತೆ ಅಭ್ಯಾಸ ಮಾಡುವ ಹಾಗಿಲ್ಲ ಎಂದಾಗ ನೀನು ಒಂದು ವಾರ ಸುಮ್ಮನಿದ್ದೆ. ಆಮೇಲೆ ಒಂದು ಬೆಳಿಗ್ಗೆ ಐದಕ್ಕೆ ಪಡುಕರೆಯ ಕಡಲಬದಿಗೆ ಹೋದೆ. ನೀರು ಇಳಿದು ಮರಳು ಗಟ್ಟಿಯಾಗುವ ಹೊತ್ತು ನೋಡಿಕೊಂಡು ಹೋಗುತ್ತಿದ್ದೆ, ಇಳಿತದ ಗಳಿಗೆಯನ್ನು ಮೀನಿನವರನ್ನು ಕೇಳಿ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದೆ. ಅಪ್ಪ ಬಿದಿರು ಸೀಳಿ ಹತ್ತು ಹರ್ಡಲ್ ಮಾಡಿದರು. ಒಂದೊಂದೂ 76 ಸೆಂಟಿಮೀಟರ್, ಬಡಗಿಯ ಟೇಪಿನಲ್ಲಿ ಅಳೆದು. ಕತ್ತದ ಹಗ್ಗಕ್ಕೆ ಗಂಟು ಹಾಕಿ ದೂರ ಗುರುತು ಮಾಡಿದರು: ಮೊದಲನೆಯದಕ್ಕೆ 45 ಮೀಟರ್, ಮತ್ತೆ 35ಕ್ಕೊಂದು, ಕೊನೆಗೆ 40. ಡ್ಯೂಟಿಗೆ ಹೋಗುವ ಮೊದಲು ಅವರೇ ಹೊತ್ತುಕೊಂಡು ಹೋಗಿ ನಿಲ್ಲಿಸುತ್ತಿದ್ದರು. ಮರಳಿನಲ್ಲಿ ಎದ್ದ ಕಾಲು ಅರ್ಧ ಒಳಗೇ ಉಳಿಯುತ್ತದೆ. ಮೊದಲ ತಿಂಗಳು ನಿನಗೆ ಐದು ಹರ್ಡಲ್ ದಾಟಲೂ ಆಗುತ್ತಿರಲಿಲ್ಲ, ಬಿದಿರಿಗೆ ತಾಗಿ ಹಿಮ್ಮಡಿಯ ಮೇಲೆ ಸಿಗುರು ಎದ್ದಿತ್ತು. ಬಲೆ ಎಳೆಯುವವರು ನೋಡುತ್ತಾ ನಿಲ್ಲುತ್ತಿದ್ದರು. ಕೆಲವರು ನಕ್ಕರು. ಡಿಸೆಂಬರ್ ಹೊತ್ತಿಗೆ ಅವರೇ ದೋಣಿಯನ್ನು ನಿನ್ನ ದಾರಿಯಿಂದ ಆಚೆ ಎಳೆದಿಡಲು ಶುರು ಮಾಡಿದರು. ಯಾರೂ ಹೇಳಿದ್ದಲ್ಲ.

ನಾನು ತೆಂಗಿನಮರದ ಹಿಂದೆ ನಿಂತು ನೋಡುತ್ತಿದ್ದೆ. ನೀರಿನ ಬಾಟಲಿ ಕೊಡುವ ನೆಪದಲ್ಲಿ ಬರುತ್ತಿದ್ದೆ ಎಂದು ನೀನು ತಿಳಿದಿದ್ದೀ. ಹನ್ನೊಂದು ದಿನ ತಪ್ಪಾಗಿ ನೋಡಿದ್ದನ್ನು ಸರಿಯಾಗಿ ನೋಡಿ ಮುಗಿಸಬೇಕಿತ್ತು ನನಗೆ. ಮುಗಿಯುವುದಿಲ್ಲ ಅದು.

ಆಗಸ್ಟಿನಲ್ಲಿ, ವಿಚಾರಣೆಗೆ ಕೆಲವೇ ದಿನ ಮೊದಲು, ಪ್ಯಾರಿಸ್ ಒಲಿಂಪಿಕ್ಸಿನ ರಿಲೇ ಹೀಟ್ಸಿನಲ್ಲಿ ಪೂವಮ್ಮ ಅವರನ್ನು ಟಿವಿಯಲ್ಲಿ ನೋಡಿದೆವು. ಮಂಗಳೂರಿನಲ್ಲೇ ಓಡಿ ಬೆಳೆದವರು. ಅವರಿಗೆ 2021ರ ಒಂದು ಸ್ಯಾಂಪಲ್ಲಿನ ಮೇಲೆ ಮೊದಲು ಮೂರು ತಿಂಗಳು ಕೊಟ್ಟು, ಅಪೀಲಿನಲ್ಲಿ ಎರಡು ವರ್ಷಕ್ಕೆ ಏರಿಸಿದ್ದರು. ಅಷ್ಟಾದ ಮೇಲೂ, 34ರ ವಯಸ್ಸಿನಲ್ಲಿ, ಬಹಾಮಾಸಿನಲ್ಲಿ ಓಡಿ ತಂಡಕ್ಕೆ ಅರ್ಹತೆ ತಂದು ಪ್ಯಾರಿಸಿಗೆ ಹೋದರು. ನಮ್ಮವರು ಹೀಟ್ಸಿನಲ್ಲಿ ಎಂಟನೆಯವರಾದರು. ನೀನು ಮಂಡಿ ಅಪ್ಪಿಕೊಂಡು ಕೂತಿದ್ದೆ. ಮುಗಿದ ಮೇಲೆ ಯಾರು ಗೆದ್ದರು ಎಂದೂ ನೋಡಲಿಲ್ಲ. "ಬ್ಯಾಟನ್ ತಗೊಂಬುಕೆ ಹೇಂಗ್ ನಿಂತಿದ್ರ್ ಕಂಡ್ಯಾ ಅಮ್ಮ?" ಎಂದೆ. ಆ ಮಳೆಯಲ್ಲೇ ಎದ್ದು ಓಡಲು ಹೋದೆ.

ಅಪೀಲಿಗೆ ದುಡ್ಡು ಬೇಕಿತ್ತು. ನನ್ನ ಬಳೆ ಸೊಸೈಟಿಯಲ್ಲಿದೆ, ನಿನಗೆ ಗೊತ್ತು, ಅದರ ಬಗ್ಗೆ ಇನ್ನು ಕೇಳಬೇಡ. ದೇವರು ಕಣ್ಣು ತೆರೆದದ್ದು ಅಣ್ಣನ ಮಗಳ ಫೋನಿನಲ್ಲಿ. ತನ್ನ ನಿಶ್ಚಿತಾರ್ಥದ ಫೋಟೋ ಹುಡುಕುವಾಗ ಅವಳಿಗೆ ನಾನು ಕಳಿಸಿದ್ದ ಬಾಟಲಿಯ ಫೋಟೋ ಸಿಕ್ಕಿತು. ನಮ್ಮ ಅಡುಗೆಮನೆಯ ಕಟ್ಟೆ, ಪಕ್ಕದಲ್ಲಿ ಅರ್ಧ ಕೊಚ್ಚಿದ ಬಸಳೆ, ನಡುವಲ್ಲಿ ಬಾಟಲಿ, ಲೇಬಲಿನಲ್ಲಿ ಟರ್ಬುಟಲೀನ್ ಎಂಬ ಹೆಸರು, ಮೇಲೆ ತಾರೀಖು, ಗಂಟೆ. ಕೆಳಗೆ ನನ್ನದೇ ಪ್ರಶ್ನೆ: "ಪುಟ್ಟಿಗೆ ಕೆಮ್ಮು, ಎಷ್ಟು ಕೊಡುದು?"

ಆ ಫೋಟೋದಿಂದ ಎರಡು ವರ್ಷದ ಶಿಕ್ಷೆ ಹದಿನಾರು ತಿಂಗಳಿಗೆ ಇಳಿಯಿತು. ಮಾರ್ಚಿನಲ್ಲೇ ನೀನಾಗಿ ಅಮಾನತು ಒಪ್ಪಿಕೊಂಡಿದ್ದರಿಂದ ಆ ದಿನಗಳೂ ಲೆಕ್ಕಕ್ಕೆ ಬಂದು, ಹೋದ ಜುಲೈಗೆ ಮುಗಿಯಿತು. ಪೂರ್ತಿ ತೊಳೆದುಹೋಗಲಿಲ್ಲ. ಲೇಬಲ್ ಓದಬೇಕಿತ್ತು, ಫಾರಂನಲ್ಲಿ ಬರೆಯಬೇಕಿತ್ತು, ತಪ್ಪು ಸಣ್ಣದಾದರೂ ತಪ್ಪೇ ಎಂದು ಬರೆದಿದ್ದಾರೆ. ನಿನ್ನ ಹೆಸರಿನ ಮುಂದೆ ಅದು ಇರುತ್ತದೆ. ನಾಳೆ ಗ್ಯಾಲರಿಯಲ್ಲಿ ಯಾರಾದರೂ ಅದನ್ನು ಹೇಳಿಯೇ ಹೇಳುತ್ತಾರೆ. ರೈಲ್ವೆಯ ಕೆಲಸದ ಮಾತು ಬಂದದ್ದು ನಿಂತೇ ಹೋಯಿತು. ಇದೆಲ್ಲ ನನ್ನ ಹತ್ತು ಎಂಎಲ್. ನೀನು ಒಂದು ದಿನವೂ, ಸಿಟ್ಟಿನಲ್ಲಿಯೂ, "ನೀ ಕೊಟ್ಟದ್ದಲ್ದಾ" ಎಂದು ಹೇಳಲಿಲ್ಲ. ಹೇಳಲಿ ಎಂದು ನಾನು ಎಷ್ಟೋ ಸಲ ಕಾದಿದ್ದೆ.

ಇನ್ನು ಬ್ಯಾಗಿನ ವಿಷಯ. ಅದನ್ನು ಹೇಳದೆ ಈ ಪತ್ರ ಮುಗಿಯುವುದಿಲ್ಲ.

ನಾನು ಹುಡುಕಿದ ಮರುದಿನ ಬೆಳಿಗ್ಗೆ ನೀನು ಬ್ಯಾಗು ತೆರೆದೆ. ನಾನು ಒಲೆಯ ಹತ್ತಿರದಿಂದ ನೋಡುತ್ತಿದ್ದೆ. ಸಾಕ್ಸನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತೆ. ಕತ್ತಲೆಯಲ್ಲಿ ನಾನು ಅದನ್ನು ಒಂದರೊಳಗೊಂದು ಮಡಚಿಟ್ಟಿದ್ದೆ, ಸಣ್ಣವಳಿದ್ದಾಗ ನಿನ್ನ ಶಾಲೆಯ ಸಾಕ್ಸನ್ನು ಮಡಚುತ್ತಿದ್ದ ಹಾಗೆ. ಕೈಗೆ ಅದೇ ಅಭ್ಯಾಸ. ನೀನು ಮಡಚುವವಳಲ್ಲ, ತುರುಕುವವಳು. ನೀನು ಏನೂ ಹೇಳಲಿಲ್ಲ. ಬ್ಯಾಗನ್ನು ಜಗಲಿಯಿಂದ ಎತ್ತಿಕೊಂಡು ಬಂದು ಅಡುಗೆಮನೆಯ ಬಾಗಿಲಿನ ಪಕ್ಕ, ನನ್ನ ಕಣ್ಣಿಗೆ ಬೀಳುವಲ್ಲಿ ಇಟ್ಟೆ. ಜಿಪ್ ಹಾಕಲಿಲ್ಲ.

ಆ ದಿನದಿಂದ ಇವತ್ತಿನವರೆಗೆ ಅದು ಅಲ್ಲೇ ಇದೆ, ಬಾಯಿ ತೆರೆದುಕೊಂಡು. ಕಡಲಬದಿಯಿಂದ ಬಂದು ಅಲ್ಲೇ ಇಡುತ್ತೀ. ನೆಂಟರು ಬಂದಾಗ ಅಪ್ಪ ಎತ್ತಿ ಒಳಗಿಟ್ಟರೆ, ಅವರು ಹೋದ ಮೇಲೆ ಮತ್ತೆ ತಂದು ಇಡುತ್ತೀ. ಗಸಗಸೆಯಷ್ಟು ಮರಳು ಅದರಿಂದ ಉದುರುತ್ತದೆ, ನಾನು ದಿನಾ ಗುಡಿಸುತ್ತೇನೆ. ಅಪ್ಪನಿಗೆ ಅದು ನಿನ್ನ ಅಸಡ್ಡೆ. ನನಗೆ ಗೊತ್ತು ಪುಟ್ಟಿ. ನಿನಗೂ ಗೊತ್ತೆಂದು ನನಗೆ ಗೊತ್ತು.

ಆ ರಾತ್ರಿ ನಿನ್ನ ಬ್ಯಾಗು ಹುಡುಕಿದವಳು ನಾನು. ನಿನ್ನನ್ನು ನಂಬದೆ ಹೋದವಳು ನಾನು. ತಪ್ಪಾಯಿತು ಮಗಾ.

ಈ ಪತ್ರವನ್ನು ಬ್ಯಾಗಿನೊಳಗೆ ಇಡುವುದಿಲ್ಲ, ಅದಕ್ಕೆ ಇನ್ನು ಕೈ ಹಾಕುವುದಿಲ್ಲ. ನೀನು ಎದ್ದು ಮುಖ ತೊಳೆದು ಬಂದಾಗ ಕೈಯಲ್ಲೇ ಕೊಡುತ್ತೇನೆ. ಬನ್ಸು ಸ್ಟೀಲ್ ಡಬ್ಬಿಯಲ್ಲಿರುತ್ತದೆ. ನೀರು ನಮ್ಮ ಬಾವಿಯದ್ದು, ಎರಡು ಬಾಟಲಿ, ಮುಚ್ಚಳದ ಮೇಲೆ ನಿನ್ನ ಹೆಸರು ಬರೆದಿದ್ದೇನೆ. ಅಲ್ಲಿ ಬೇರೆ ಯಾರದ್ದೂ ಕುಡಿಯಬೇಡ. ನಿನ್ನ ಬಾಟಲಿ ಕಣ್ಣಿಂದ ಮರೆಯಾದರೆ ಆ ನೀರು ಚೆಲ್ಲಿಬಿಡು. ಗಂಟಲು ಕೆರೆದರೆ ಉಗುರುಬಿಸಿ ನೀರಿಗೆ ಉಪ್ಪು, ಅಷ್ಟೇ.

ಐದು ಗಂಟೆಗೆ ನಾನು ನೀಲಿ ಸೀರೆ ಉಟ್ಟು ಜಗಲಿಯಲ್ಲಿ ಕೂತಿರುತ್ತೇನೆ. ಬಾ ಎಂದರೆ ಬರುತ್ತೇನೆ. ಬೇಡ ಎಂದರೆ ಅಪ್ಪನ ಫೋನಿಗೆ ಕಾಯುತ್ತೇನೆ, ನನಗೆ ಬೇಸರವಿಲ್ಲ.

ಹೊರಡುವಾಗ ಬ್ಯಾಗಿನ ಜಿಪ್ ಹಾಕಿಕೊ.

ನಿನ್ನ
ಅಮ್ಮ